ಲಾಗ್ ಬುಕ್‌ನಲ್ಲೇ ಉಳಿದ ದೂರು

ಜನ ಕೆಲಸ ಬಿಡುತ್ತಿದ್ದಾರೆ, ಇರುವವರೂ ಗೊಣಗುತ್ತಿದ್ದಾರೆ ಎಂದು ನನ್ನನ್ನು ಕಾರ್ಖಾನೆಗೆ ಕರೆಸಿಕೊಂಡ ಆಡಳಿತದವರು ಮೊದಲು ಮುಂದಿಡುವುದು ಸಂಬಳದ ಪಟ್ಟಿ. ನಾನು ಕೇಳುವುದು ಶಿಫ್ಟ್‌ನ ಲಾಗ್ ಬುಕ್.

ಅದರಲ್ಲಿ ಇಂಥ ಸಾಲುಗಳಿರುತ್ತವೆ: ‘ಮೂರನೇ ಪ್ರೆಸ್‌ನಲ್ಲಿ ಆಯಿಲ್ ಸೋರುತ್ತಿದೆ, ಮೇಂಟೆನೆನ್ಸ್‌ಗೆ ತಿಳಿಸಲಾಗಿದೆ.’ ಮರುದಿನವೂ ಅದೇ ಸಾಲು, ಬೇರೆಯವರ ಕೈಬರಹ. ಒಂದು ವಾರ ಕಳೆದರೆ ಆ ಸಾಲೇ ಕಾಣುವುದಿಲ್ಲ. ಆಯಿಲ್ ಸೋರುತ್ತಲೇ ಇರುತ್ತದೆ, ಬರೆಯುವವರಿಗೆ ಸಾಕಾಗಿರುತ್ತದೆ. ಕೊನೆಗೆ ಪ್ರೆಸ್ ಕೆಟ್ಟು ನಿಂತ ದಿನ ‘ಮೊದಲೇ ಯಾಕೆ ಹೇಳಲಿಲ್ಲ’ ಎಂದು ಆಪರೇಟರ್ ಕೈಗೆ ಮೆಮೊ. ಸಂಬಳ ಸಾಲದು ಎಂಬ ಬೇಸರವನ್ನು ಜನ ಹೇಗೋ ನುಂಗಿಕೊಳ್ಳುತ್ತಾರೆ, ಈ ಮೆಮೊವನ್ನು ಮಾತ್ರ ವರ್ಷಗಟ್ಟಲೆ ಮರೆಯುವುದಿಲ್ಲ.

ಇದಕ್ಕೆಲ್ಲ ಸೂಪರ್‌ವೈಸರ್‌ನನ್ನೇ ದೂರುವವರು ಬಹಳ. ಪಾಪ, ಒಳ್ಳೆಯ ಕೆಲಸಗಾರ ಎಂದು ಬಡ್ತಿ ಕೊಟ್ಟವರು ಜನರನ್ನು ನಿಭಾಯಿಸುವುದು ಹೇಗೆಂದು ಅವನಿಗೆ ಕಲಿಸಿರುವುದಿಲ್ಲ. ಉತ್ಪಾದನೆಯ ಲೈನ್ ನಿಲ್ಲಿಸುವ ಅಧಿಕಾರ ಕಾಗದದಲ್ಲಿದೆ, ಆದರೆ ನಿಲ್ಲಿಸಿದರೆ ಸಂಜೆಯ ಮೀಟಿಂಗ್‌ನಲ್ಲಿ ಬೈಸಿಕೊಳ್ಳುವವನೂ ಅವನೇ.

‘ನಮ್ಮ ಜನವೇ ಸರಿಯಿಲ್ಲ’ ಎನ್ನುವ ಮ್ಯಾನೇಜರ್‌ಗಳಿಗೆ ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯ ಕತೆ ಹೇಳುತ್ತೇನೆ. ಗೈರುಹಾಜರಿಗೆ, ಜಗಳಕ್ಕೆ, ಕಳಪೆ ಕಾರುಗಳಿಗೆ ಹೆಸರಾಗಿದ್ದ ಅದನ್ನು ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆದಾಗ ಬಂದವರಲ್ಲಿ ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು, ಯೂನಿಯನ್ನೂ ಅದೇ. ತೊಂದರೆ ಕಂಡವರು ಲೈನ್ ಪಕ್ಕದ ಹಗ್ಗ ಎಳೆದರೆ ಟೀಮ್ ಲೀಡರ್ ಓಡಿಬರುವ ಪದ್ಧತಿ ಹೊಸದು. ಗೈರುಹಾಜರಿ ಇಳಿಯಿತು, ಕಾರುಗಳ ಗುಣಮಟ್ಟ ಸುಧಾರಿಸಿತು. ಇದನ್ನು ಕೇಳಿ ಹಗ್ಗ ಕಟ್ಟಿಸಿದವರೂ ಇದ್ದಾರೆ. ಎಳೆದಾಗ ‘ಏನಾಯ್ತು’ ಎನ್ನುವ ಬದಲು ‘ಎಳೆದವನು ಯಾರು’ ಎಂದು ಕೇಳಿದ್ದರಿಂದ ಅದೀಗ ಧೂಳು ಹಿಡಿದಿದೆ.

ಸಲಹಾ ಪೆಟ್ಟಿಗೆಯ ಮೇಲೆ ನನಗೆ ನಂಬಿಕೆ ಕಡಿಮೆ. ಬೀಗದ ಕೀಲಿ ಎಲ್ಲಿದೆಯೆಂದೇ ಎಷ್ಟೋ ಕಡೆ ಗೊತ್ತಿರುವುದಿಲ್ಲ. ಟಾರ್ಗೆಟ್ ಬೋರ್ಡ್ ಪಕ್ಕದಲ್ಲೇ ಇನ್ನೊಂದು ಬೋರ್ಡ್ ಹಾಕಿಸಿ ದೂರು, ಉತ್ತರ ಕೊಡಬೇಕಾದವರ ಹೆಸರು, ತಾರೀಖು ಬರೆಸುತ್ತೇನೆ. ‘ಈ ವರ್ಷ ಆಗುವುದಿಲ್ಲ, ಕಾರಣ ಇಂಥದ್ದು’ ಎಂಬುದೂ ಉತ್ತರವೇ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇದ್ದರೆ ಶಿಫ್ಟ್ ಶುರುವಾಗುವ ಮೊದಲೇ ಹೇಳಬೇಕು, ಬಟ್ಟೆ ಬದಲಿಸಿ ಹೊರಟವರನ್ನು ಗೇಟಿನಲ್ಲಿ ತಡೆಯಬಾರದು.

ಬೋರ್ಡ್ ಹಾಕಿದ ಮೊದಲ ವಾರಗಳಲ್ಲಿ ದೂರುಗಳು ಏರುತ್ತವೆ. ಹಳೆಯದೆಲ್ಲ ಹೊರಬರುವ ಹೊತ್ತು ಅದು. ಗಾಬರಿಬಿದ್ದ ಮ್ಯಾನೇಜರ್ ಬೋರ್ಡ್ ತೆಗೆಸಲು ಹೊರಡುವುದೂ ಆಗಲೇ, ಹಾಗಾಗಿ ಈ ಏರಿಕೆ ಬಂದೇ ಬರುತ್ತದೆಂದು ಅವರಿಗೆ ಮೊದಲ ದಿನವೇ ಹೇಳಿಟ್ಟಿರುತ್ತೇನೆ.