120 ವೋಲ್ಟಿನ ಆಂಪು, 50 ಹರ್ಟ್ಸಿನ ಗೋಡೆ

ನಮ್ಮ ಚಿಕ್ಕಪ್ಪನ ಮಗ ನ್ಯೂಜೆರ್ಸಿಯಿಂದ ಬರುವಾಗ ಬಟ್ಟೆಬರೆ ಎಲ್ಲ ಒಂದೇ ಸೂಟ್‌ಕೇಸಿಗೆ ತುರುಕಿ, ಇನ್ನೊಂದು ಲಗೇಜಿನ ಲೆಕ್ಕದಲ್ಲಿ ನನಗೋಸ್ಕರ ಒಂದು ಸೆಕೆಂಡ್‌ಹ್ಯಾಂಡ್ ಗಿಟಾರ್ ಆಂಪ್ ಹೊತ್ಕೊಂಡು ಬಂದ. ಫೆಂಡರ್ ಬ್ಲೂಸ್ ಜೂನಿಯರ್, 15 ವಾಟಿನ ವಾಲ್ವ್ ಆಂಪ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವುಗಳಿಂದ ಗಿಟಾರಿನ ಸದ್ದು ದೊಡ್ಡದು ಮಾಡೋದು), ತೂಕ ಸುಮಾರು 14 ಕೆಜಿ. ಎತ್ತಿಡೋಕೆ ಹೋದ ಅಮ್ಮ "ಏನೋ ಇದು, ಒಳಗೆ ರುಬ್ಬೋಗುಂಡು ಇಟ್ಟಿದಾರಾ" ಅಂದ್ರು. ಇರೋದು ಕಬ್ಬಿಣ. ನಾನು ಹೇಳೋಕೆ ಹೊರಟಿರೋದೂ ಆ ಕಬ್ಬಿಣದ ವಿಷಯಾನೇ, ಯಾಕಂದ್ರೆ ಹೊರದೇಶದ ಆಂಪ್ ತಗೊಳ್ಳೋರೆಲ್ಲ ಬರೀ ವೋಲ್ಟ್ ನೋಡ್ತಾರೆ, ಪಕ್ಕದಲ್ಲೇ ಬರೆದಿರೋ ಹರ್ಟ್ಸ್, ಅಂದ್ರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಓಡತ್ತೆ ಅನ್ನೋದು, ಯಾರೂ ನೋಡಲ್ಲ.

ಹಿಂದಿನ ಪ್ಯಾನಲ್ ಮೇಲೆ 120 ವೋಲ್ಟ್, 60 ಹರ್ಟ್ಸ್ ಅಂತ ಇದ್ರೆ ಅದು ಅಮೆರಿಕದ ಗೋಡೆಗೆ ಮಾಡಿದ್ದು. ನಮ್ಮ ಗೋಡೆಯಲ್ಲಿ 230 ವೋಲ್ಟ್, 50 ಹರ್ಟ್ಸ್. ಮರೆತು ನೇರ ಚುಚ್ಚಿದ್ರೆ ಒಳಗಿನ ಎಲ್ಲಾ ವೋಲ್ಟೇಜೂ ಡಬಲ್ ಆಗೋಕೆ ನೋಡತ್ತೆ, ವಾಲ್ವನ್ನ ಒಳಗಿಂದ ಕಾಯಿಸೋ ಹೀಟರಿಗೆ ಬೇಕಾದ 6.3 ವೋಲ್ಟ್ 12 ಆಗತ್ತೆ, ವಾಲ್ವಿನೊಳಗಿನ ಪ್ಲೇಟ್ ಅನ್ನೋ ಲೋಹದ ತಗಡಿಗೆ ಹೋಗೋ ಮುನ್ನೂರು ಚಿಲ್ಲರೆ ವೋಲ್ಟ್ ಆರುನೂರು ದಾಟತ್ತೆ, ಪುಣ್ಯ ಇದ್ರೆ ಫ್ಯೂಸ್ ಮೊದಲು ಹೋಗತ್ತೆ. ಅದಕ್ಕೇ ಎಲ್ರೂ ಹೇಳೋದು, ಒಂದು ಸ್ಟೆಪ್‌ಡೌನ್, ಅಂದ್ರೆ ವೋಲ್ಟ್ ಇಳಿಸೋ ಡಬ್ಬ, ತಗೊಂಡ್ಬಿಡಿ ಸಾಕು ಅಂತ.

ಆದ್ರೆ ಸ್ಟೆಪ್‌ಡೌನ್ ಇಳಿಸೋದು ವೋಲ್ಟ್ ಮಾತ್ರ, ಹರ್ಟ್ಸ್ ಹಾಗೇ 50 ಇರತ್ತೆ. ಅದರಿಂದ ಏನಾಗತ್ತೆ ಅಂದ್ರೆ, ಆಂಪಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನ ಒಂದು ಬಿಂದಿಗೆ ಅಂದ್ಕೊಳ್ಳಿ, ವೋಲ್ಟ್ ಅಂದ್ರೆ ನಲ್ಲಿ ನೀರಿನ ರಭಸ. ಕರೆಂಟ್ ಒಂದು ದಿಕ್ಕಿಗೆ ತಳ್ಳುವಷ್ಟು ಹೊತ್ತು ಕಬ್ಬಿಣದಲ್ಲಿ ಕಾಂತತೆ ತುಂಬ್ತಾ ಹೋಗತ್ತೆ, ದಿಕ್ಕು ಬದಲಾದಾಗ ಖಾಲಿಯಾಗಿ ಉಲ್ಟಾ ತುಂಬತ್ತೆ. 60 ಹರ್ಟ್ಸಲ್ಲಿ ಒಂದು ಸಲ ತಳ್ಳೋ ಹೊತ್ತು 8.33 ಮಿಲಿಸೆಕೆಂಡ್, 50ರಲ್ಲಿ ಪೂರ್ತಿ 10. ಅದೇ ರಭಸದ ನಲ್ಲಿಯನ್ನ ಇನ್ನಷ್ಟು ಹೊತ್ತು ಬಿಟ್ಟ ಹಾಗಾಯ್ತು. ಬಿಂದಿಗೆ ದೊಡ್ಡದಿದ್ರೆ ಪರವಾಗಿಲ್ಲ, ಕಂಪನಿಯವರು ಕಬ್ಬಿಣ ಅಳೆದು ತೂಗಿ 60ಕ್ಕೆ ಮಾತ್ರ ಸಾಕಾಗೋಷ್ಟು ಹಾಕಿದ್ರೆ ತುಳುಕತ್ತೆ. ತುಳುಕೋದು ಅಂದ್ರೆ ಸ್ಯಾಚುರೇಷನ್, ಕಬ್ಬಿಣ ಇನ್ನು ಕಾಂತತೆ ಹಿಡಿಯಲ್ಲ ಅನ್ನತ್ತೆ, ಆಗ ಸುರುಳಿ ಸಿಕ್ಕಾಪಟ್ಟೆ ಕರೆಂಟ್ ಎಳೆಯೋಕೆ ಶುರು ಮಾಡತ್ತೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡ್ತಾ ಕಾಯತ್ತೆ.

ಈಗ ಸಣ್ಣ ಲೆಕ್ಕ. ರಭಸ ಇಂಟು ಹೊತ್ತು, ಅಂದ್ರೆ ಬಿಂದಿಗೆಗೆ ಒಂದು ಸಲಕ್ಕೆ ಬೀಳೋ ನೀರು. ಅಮೆರಿಕದಲ್ಲಿ 120 ಇಂಟು 8.33, ಅಂದಾಜು 1000. ನಮ್ಮಲ್ಲಿ ಸರಿಯಾಗಿ 120 ಕೊಡೋ ಸ್ಟೆಪ್‌ಡೌನ್ ಹಾಕಿದ್ರೆ 120 ಇಂಟು 10, 1200 ಆಯ್ತು, ಇಪ್ಪತ್ತು ಪರ್ಸೆಂಟ್ ಜಾಸ್ತಿ. ಅದೇ ಅಂಗಡೀಲಿ ಸಾಮಾನ್ಯವಾಗಿ ಸಿಗೋ 110ರ ಡಬ್ಬ ಹಾಕಿದ್ರೆ 1100, ಹತ್ತೇ ಪರ್ಸೆಂಟ್. "ಅಯ್ಯೋ ನನ್ನ ಆಂಪ್ 120ದು, ಸಿಕ್ಕಿದ್ದು 110ದು" ಅಂತ ಗೋಳಾಡೋರನ್ನ ತುಂಬ ನೋಡಿದೀನಿ, ನನ್ನ ಪ್ರಕಾರ ಅವರಿಗೆ ಸಿಕ್ಕಿರೋದೇ ಒಳ್ಳೇದು. ಹೀಟರ್ 5.8 ವೋಲ್ಟಿಗೆ ಇಳಿಯತ್ತೆ ನಿಜ, ವಾಲ್ವುಗಳು ಹತ್ತು ಪರ್ಸೆಂಟ್ ಆಚೀಚೆ ತಡ್ಕೊಳ್ತವೆ. ಇನ್ನೊಂದು, ನಮ್ಮ ಬೀದೀಲಿ ರಾತ್ರಿ ಹನ್ನೊಂದರ ಮೇಲೆ ಮೀಟರ್ ಇಟ್ರೆ 245 ತೋರಿಸತ್ತೆ, ಆಗ ಅದೇ ಡಬ್ಬದಿಂದ 117 ಬರತ್ತೆ, ಬಿಂದಿಗೆ ಕಂಠದ ತನಕ.

ಜಪಾನಿನ ಆಂಪಿಗೆ ಲೆಕ್ಕ ಉಲ್ಟಾ. ಅಲ್ಲಿ 100 ವೋಲ್ಟ್, ಆದ್ರೆ ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. 1895ರಲ್ಲಿ ಟೋಕಿಯೋದವರು ಜರ್ಮನಿಯ ಎಇಜಿ ಕಂಪನಿ ಜನರೇಟರ್ ತಂದ್ರು, ಮರುವರ್ಷ ಒಸಾಕಾದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ದು ತಂದ್ರು, ಆ ಒಡಕು ಇವತ್ತಿಗೂ ಹಾಗೇ ಇದೆ. ಹಾಗಾಗಿ ಅಲ್ಲಿ ಮಾರೋ ಆಂಪಿನ ಕಬ್ಬಿಣ 50ಕ್ಕೂ ಸಾಕಾಗ್ಲೇಬೇಕು. ಹರ್ಟ್ಸಿನ ಚಿಂತೆ ಇಲ್ಲ, ಆದ್ರೆ ಅದೇ 110ರ ಡಬ್ಬ ಇದಕ್ಕೆ ಹಾಕಿದ್ರೆ ಹೀಟರ್ 6.9, ನಮ್ಮ ರಾತ್ರಿ ಕರೆಂಟಿಗೆ 7.4, ವಾಲ್ವ್ ಬೇಗ ಮುದಿಯಾಗತ್ತೆ. ಇದಕ್ಕೆ 230ರಿಂದ 100ಕ್ಕೆ ಇಳಿಸೋದನ್ನ ವೈಂಡಿಂಗ್ ಮಾಡೋರ ಹತ್ರ ಹೇಳಿ ಸುತ್ತಿಸ್ಕೊಳ್ಳೋದೇ ವಾಸಿ. ಡಿಜಿಟಲ್ ಆಂಪುಗಳಲ್ಲಿ ಎಷ್ಟೋ 100ರಿಂದ 240ರ ತನಕ ಏನ್ ಕೊಟ್ರೂ ನಡೆಯತ್ತೆ, ಬರೀ ವೈರ್ ಬದಲಾಯಿಸಿದ್ರೆ ಆಯ್ತು. ಕೊರಿಯರಲ್ಲಿ ತರಿಸೋರಿಗೆ ಒಂದು ಮಾತು, ಕಸ್ಟಮ್ಸಿನವರು ಆಂಪಿನ ಬೆಲೆಗೆ ಸಾಗಣೆ, ಇನ್ಶೂರೆನ್ಸ್ ಎಲ್ಲ ಸೇರಿಸಿ ಅದರ ಮೇಲೆ ಡ್ಯೂಟಿ ಹಾಕ್ತಾರೆ, ಅಂದ್ರೆ ಆ ಕಬ್ಬಿಣದ ತೂಕಕ್ಕೂ ನೀವು ಟ್ಯಾಕ್ಸ್ ಕಟ್ಟಿದ ಹಾಗೇ.

ನಾನು ಎಡವಿದ್ದು ಮಾತ್ರ ಈ ಲೆಕ್ಕದಲ್ಲಲ್ಲ, ಅರ್ಥಿಂಗಲ್ಲಿ. ತಂದ ಮೊದಲನೇ ಸ್ಟೆಪ್‌ಡೌನಿಗೆ ಮೂರು ತೂತಿನ ಸಾಕೆಟ್ ಇತ್ತು, ಅಮೆರಿಕದ ಪ್ಲಗ್ ಸಲೀಸಾಗಿ ಕೂತ್ಕೊಳ್ತು, ಖುಷಿಯಾಯ್ತು. ಗಿಟಾರ್ ಹಿಡ್ಕೊಂಡು ಮೈಕಿಗೆ ಬಾಯಿ ಇಟ್ಟೆ ನೋಡಿ, ತುಟಿ ಜುಮ್ ಅಂತು. ಮಲ್ಟಿಮೀಟರನ್ನ ಬೀಪ್‌ಗೆ (ಎರಡು ಕಡ್ಡಿ ನಡುವೆ ವೈರ್ ಸೇರಿದ್ರೆ ಕೂಗತ್ತೆ) ಇಟ್ಟು ಒಂದು ಕಡ್ಡಿ ಸಾಕೆಟ್ಟಿನ ಮೂರನೇ ತೂತಿಗೆ, ಇನ್ನೊಂದು ಗೋಡೆಗೆ ಹೋಗೋ ಪ್ಲಗ್ಗಿನ ದಪ್ಪ ಪಿನ್ನಿಗೆ ಹಿಡಿದ್ರೆ ಬೀಪೇ ಇಲ್ಲ. ತೂತು ಇದೆ, ಹಿಂದೆ ವೈರೇ ಇಲ್ಲ! ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಆಂಪಿನ ಲೋಹದ ಡಬ್ಬಕ್ಕೆ ಸೇರಿರ್ತವೆ, ಅದಕ್ಕೆ ಅರ್ಥ್ ಇಲ್ಲದೆ ಮೈಕಿಗಿದ್ರೆ, ಅಥವಾ ಮೈಕಿಗಿಲ್ಲದೆ ಗಿಟಾರಿಗಿದ್ರೆ, ಎರಡರ ನಡುವಿನ ವೈರ್ ನಾವೇ. ಸ್ಕಾಟ್ಲೆಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ಸ್ವಾನ್‌ಸೀ ಊರಿನ ಸ್ಟೇಜ್ ಮೇಲೆ ಅರ್ಥ್ ಇಲ್ಲದ ಮೈಕ್ ಮುಟ್ಟಿ ಶಾಕ್ ಹೊಡೆದು ಸತ್ತೋದ್ರು. ಆ ಸ್ಟೆಪ್‌ಡೌನ್ ವಾಪಸ್ ಕೊಟ್ಟೆ, ಬೇರೆ ತಂದೆ, ಅಂಗಡೀಲೇ ಮೀಟರ್ ಹಿಡಿದು ಬೀಪ್ ಕೇಳಿಸ್ಕೊಂಡು ತಂದೆ.

ಆಮೇಲೂ ಆಂಪನ್ನ ನೇರ ಗೋಡೆಗೆ ಕೊಡ್ಲಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಹತ್ರ ಸೀರೀಸ್ ಬೋರ್ಡ್ ಇತ್ತು, ಹಳೇ ಕಾಲದ 100 ವಾಟಿನ ಬಲ್ಬ್ ದಾಟ್ಕೊಂಡೇ ಕರೆಂಟ್ ಮುಂದೆ ಹೋಗಬೇಕು, ಒಳಗೆ ಎಲ್ಲಾದ್ರೂ ಶಾರ್ಟ್ ಇದ್ರೆ ಬಲ್ಬ್ ಫುಲ್ ಉರಿಯತ್ತೆ, ಆಂಪ್ ಬಚಾವ್. ಮೊದಲು ವಾಲ್ವುಗಳನ್ನೆಲ್ಲ ತೆಗೆದಿಟ್ಟು ಸ್ವಿಚ್ ಹಾಕಿದ್ವಿ. ಕರೆಂಟ್ ಕೂಡಿಟ್ಕೊಳ್ಳೋ ಕೆಪಾಸಿಟರುಗಳು ತುಂಬೋ ಕ್ಷಣಕ್ಕೆ ಬಲ್ಬ್ ಪಳಕ್ ಅಂತು, ಆಮೇಲೆ ತಂತಿ ಕೆಂಪಗೆ ಕಾಣೋಷ್ಟಕ್ಕೆ ಇಳೀತು. ವಾಲ್ವ್ ಹಾಕಿದ ಮೇಲೆ ಅರ್ಧ ಬೆಳಕಲ್ಲಿ ನಿಂತ್ಕೊಳ್ತು, ಅಷ್ಟು ಕರೆಂಟ್ ಅದಕ್ಕೆ ನಿಜವಾಗ್ಲೂ ಬೇಕು. ಚಾಸಿ, ಅಂದ್ರೆ ಆಂಪಿನ ಒಳಗಿನ ಲೋಹದ ಡಬ್ಬ, ಬಿಚ್ಚೋಕೆ ಮಾತ್ರ ನಾನು ಹೋಗಲ್ಲ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಲ್ಲಿ ನೂರಾರು ವೋಲ್ಟ್ ಸುಮ್ನೆ ಕೂತಿರಬಹುದು.

ಈಗ ಚೆನ್ನಾಗಿ ಹಾಡ್ತಾ ಇದೆ. ವಾಲ್ಯೂಮ್ ಏರಿಸಿ ಏನೂ ನುಡಿಸದೆ ಕೂತ್ರೆ ಸಣ್ಣಗೆ ಗುಂಯ್ ಅನ್ನತ್ತೆ. ಪವರ್ ಸಪ್ಲೈ ಕಡೆಯಿಂದ ಬರೋ ಆ ಗುಂಯ್ ಹರ್ಟ್ಸಿನ ಎರಡರಷ್ಟು, ನ್ಯೂಜೆರ್ಸೀಲಿ 120 ಇತ್ತು, ಇಲ್ಲಿ 100. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದ್ರೆ ಬರೋ ಜಿ ಸ್ವರ 98 ಹರ್ಟ್ಸ್. ಒತ್ತಿ ಮೀಟಿ ನೋಡಿದೆ, ಆಂಪು ಒಂಚೂರು ಮೇಲಕ್ಕೆ ಅಪಸ್ವರ.