ತುರ್ತು ಭೂಸ್ಪರ್ಶ

‘ಪ್ರತಿಕೂಲ ಹವಾಮಾನ: ಲಘು ವಿಮಾನ ತುರ್ತು ಭೂಸ್ಪರ್ಶ, ತಪ್ಪಿದ ಭಾರೀ ದುರಂತ.’ ಈ ಧಾಟಿಯ ತಲೆಬರಹ ಎಷ್ಟು ಸಲ ಕಣ್ಣಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಕೆಳಗಿನ ಸುದ್ದಿ ಓದಿದರೆ, ಎಂಜಿನ್ ಸೊಗಸಾಗಿ ಓಡುತ್ತಿತ್ತು. ಮುಂದೆ ಮೋಡ ದಟ್ಟೈಸಿದ್ದನ್ನು ಕಂಡ ಪೈಲಟ್ ಪಕ್ಕದ ರನ್‌ವೇಯಲ್ಲಿ ಇಳಿದು, ಮಳೆ ಬಿಡುವವರೆಗೆ ಕಾದು, ಮತ್ತೆ ಹೊರಟಿದ್ದಾನೆ. ಇದರಲ್ಲಿ ತುರ್ತು ಎಲ್ಲಿಂದ ಬಂತು?

ತುರ್ತು ಎಂಬುದು ತ್ವರೆ, ತ್ವರಿತಗಳ ನೆಂಟ. ಮರಾಠಿಯ ‘ತೂರ್ತ’ವೂ ಅದೇ ಬಳಗದ್ದು. ತುರ್ತು ಸಭೆ, ತುರ್ತು ಚಿಕಿತ್ಸೆ, ತುರ್ತು ಕರೆ, ಎಲ್ಲೆಡೆಯೂ ಒಳಗಿರುವ ಅರ್ಥ ‘ಪುರಸೊತ್ತಿಲ್ಲ’ ಎಂದೇ. ಆದರೆ ಮೇಲಿನ ಪೈಲಟ್ ಇಳಿದದ್ದು ಪುರಸೊತ್ತು ಇರುವಾಗಲೇ ಇಳಿದುಬಿಡೋಣ ಎಂದು. ಪದ ಹೇಳುವುದಕ್ಕೂ ನಡೆದದ್ದಕ್ಕೂ ಪೂರ್ತಿ ಉಲ್ಟಾ.

‘ಭೂಸ್ಪರ್ಶ’ದ ಮೇಲೂ ತಕರಾರಿದೆ. ಅದು ಚಕ್ರ ನೆಲ ಮುಟ್ಟುವ ಗಳಿಗೆಯ ಹೆಸರು, ಇಡೀ ಇಳಿಯುವಿಕೆಯದಲ್ಲ. ಹೋಗಲಿ, ರೂಢಿಗೆ ಬಂದಿದೆ. ಆದರೆ ‘ನದಿಯಲ್ಲಿ ತುರ್ತು ಭೂಸ್ಪರ್ಶ’ ಎಂದು ಬರೆಯುವವರೂ ಇದ್ದಾರೆ. ನೀರಿಗಿಳಿದ ವಿಮಾನ ಭೂಮಿ ಮುಟ್ಟುವುದು ಮುಳುಗಿದ ಮೇಲೆ.

ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯ ಪೈಲಟ್ ಕೈಪಿಡಿ ಇಂಥ ಇಳಿಕೆಗಳನ್ನು ಮೂರಾಗಿ ಬಿಡಿಸುತ್ತದೆ. ಹಾರಾಟ ಮುಂದುವರಿಸಲು ಸಾಧ್ಯವೇ ಇಲ್ಲದೆ ಇಳಿಯುವುದು ಒಂದು. ಹಾರಬಹುದು, ಆದರೆ ಹಾರುವುದು ಒಳ್ಳೆಯದಲ್ಲ ಎಂದು ಯೋಚಿಸಿ ಇಳಿಯುವುದು ಎರಡನೆಯದು. ಹದಗೆಡುತ್ತಿರುವ ಹವೆ, ದಾರಿ ತಪ್ಪುವುದು, ಇಂಧನ ಕಡಿಮೆಯಾಗುವುದು ಇವೆಲ್ಲ ಇಲ್ಲಿಗೆ ಸೇರುತ್ತವೆ. ನೀರಿಗೆ ಇಳಿಸುವುದು ಮೂರನೆಯದು.

ಮೊದಲೆರಡರ ಅಂತರ ಕಾಕ್‌ಪಿಟ್‌ನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಎಂಜಿನ್ ನಿಂತರೆ, ಸೆಸ್ನಾ 172 ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತದೆ. ನೆಲದಿಂದ 1000 ಅಡಿ ಮೇಲಿದ್ದರೆ ಮೂರು ಕಿಲೋಮೀಟರಿಗೂ ಕಡಿಮೆ ದೂರ, ಒಂದೂವರೆ ನಿಮಿಷಕ್ಕೂ ಕಡಿಮೆ ಸಮಯ. ಅಷ್ಟರೊಳಗೆ ಸಿಕ್ಕ ಗದ್ದೆಯೇ ಗದ್ದೆ. ಹತ್ತಿರ ಹೋದ ಮೇಲೆ ವಿದ್ಯುತ್ ತಂತಿ ಕಂಡರೆ ಮತ್ತೆ ಮೇಲೇರುವ ಮಾತಿಲ್ಲ. ಎಂಜಿನ್ ಇರುವವನು ಹಾಗಲ್ಲ. ಬಯಲಿನ ಪಕ್ಕದಲ್ಲೇ ತಗ್ಗಿ ಹಾರಿ ನೋಡುತ್ತಾನೆ: ತಂತಿ ಎಲ್ಲಿದೆ, ಹಳ್ಳ ಎಲ್ಲಿದೆ, ದನ ಮೇಯುತ್ತಿವೆಯೇ, ಗಾಳಿ ಯಾವ ಕಡೆಯದು. ಸರಿಬೀಳದಿದ್ದರೆ ಇನ್ನೊಂದು ಸುತ್ತು. ಇದಕ್ಕೂ ಅದಕ್ಕೂ ಒಂದೇ ಹೆಸರಿಟ್ಟರೆ ಹೇಗೆ?

ಇದು ಬರೀ ಪದದ ಮಡಿವಂತಿಕೆ ಎನ್ನುವವರಿಗಾಗಿ: 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಉಪಕರಣ ನೋಡಿ ಹಾರಿಸುವ ತರಬೇತಿಯಿಲ್ಲದ 20 ಮಂದಿಗೆ, ಮೋಡದೊಳಗೆ ಹೊಕ್ಕವರಂತೆ, ಹೊರಗಿನದೇನೂ ಕಾಣದಂತೆ ಮಾಡಿ ವಿಮಾನ ಕೊಟ್ಟರು. ಇಪ್ಪತ್ತೂ ಮಂದಿ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡ್, ಮೂರು ನಿಮಿಷವೂ ಇಲ್ಲ. ದಿಗಂತ ಮರೆಯಾದರೆ, ಸಮತೋಲ ತಿಳಿಸಬೇಕಾದ ಒಳಕಿವಿ ಸುಳ್ಳು ಹೇಳುತ್ತದೆ. ವಿಮಾನ ವಾಲಿ ಸುರುಳಿಯಲ್ಲಿ ಇಳಿಯುತ್ತಿದ್ದರೂ ನೆಟ್ಟಗಿದ್ದಂತೆ ಅನ್ನಿಸುತ್ತದೆ. ಮೋಡದೊಳಗೆ ಹೊಕ್ಕವನದು ಅಪಘಾತದ ಸುದ್ದಿಯಾಗುತ್ತದೆ, ಸರಿ. ಹೊಗದೆ ಇಳಿದವನೂ ‘ದುರಂತ ತಪ್ಪಿಸಿಕೊಂಡವ’ನಾಗಿ ಅದೇ ಪುಟದಲ್ಲಿ ಬರುತ್ತಾನೆ.

ಪೈಲಟ್‌ಗಳ ರೇಡಿಯೋ ಭಾಷೆಯಲ್ಲೂ ಮೆಟ್ಟಿಲುಗಳಿವೆ. ಪ್ರಾಣಕ್ಕೆ ಕುತ್ತು ಬಂದಾಗ ‘ಮೇಡೇ’, ಅಷ್ಟಿಲ್ಲದಿದ್ದರೆ ‘ಪ್ಯಾನ್-ಪ್ಯಾನ್’. ಬೇರೆ ಕಡೆ ಇಳಿಯುತ್ತೇನೆ ಎಂದಷ್ಟೇ ತಿಳಿಸುವುದಿದ್ದರೆ ಎರಡೂ ಬೇಡ.

ಮೊದಲ ಬಗೆಯನ್ನು ಕೆಲವರು ‘ಬಲವಂತದ ಭೂಸ್ಪರ್ಶ’ ಎನ್ನುತ್ತಾರೆ. ಯಾರೋ ಪಿಸ್ತೂಲು ಹಿಡಿದು ಇಳಿಸಿದಂತೆ ಕೇಳಿಸುತ್ತದೆ. ಅದಕ್ಕೆ ಬೇಕಾದರೆ ‘ತುರ್ತು ಇಳಿಕೆ’ ಇರಲಿ, ಅಲ್ಲಿ ನಿಜಕ್ಕೂ ತುರ್ತಿದೆ. ಎರಡನೆಯದಕ್ಕೆ ನಾನು ‘ಮುಂಜಾಗ್ರತೆಯ ಇಳಿಕೆ’ ಎಂದು ಬರೆಯುತ್ತೇನೆ. ತಲೆಬರಹಕ್ಕೆ ಉದ್ದವಾಯಿತು ಎನ್ನುವವರು ‘ಮಳೆ: ವಿಮಾನ ಇಳಿಸಿ ಕಾದ ಪೈಲಟ್’ ಎಂದರೂ ನನ್ನ ಅಡ್ಡಿಯಿಲ್ಲ.