ತಲೆಗೆಷ್ಟು, ಛಾವಣಿಗೆಷ್ಟು: ಊರಿನ ಸರ್ಕಾರಿ ಶಾಲೆಗಳ ಹಣದ ಲೆಕ್ಕ

ಶಿಕ್ಷಕರ ನೇಮಕಾತಿ ಪರೀಕ್ಷೆಗೆ ನನ್ನಂತೆ ಓದುತ್ತಿರುವವರಿಗೆ ಈ ಟಿಪ್ಪಣಿ. ಒಂದೇ ಊರಿನ ಬೇರೆ ಬೇರೆ ಬಡಾವಣೆಗಳ ಸರ್ಕಾರಿ ಶಾಲೆಗಳಿಗೆ ಹಣ ಯಾಕೆ ಒಂದೇ ತರ ಸೇರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಬರೆಯಲು ಕೂತು ಮೂರು ದಿನ ಒದ್ದಾಡಿದೆ. ನಿಯಮ ಎಲ್ಲರಿಗೂ ಒಂದೇ ಇದ್ದ ಮೇಲೆ ಹೆಚ್ಚುಕಮ್ಮಿ ಎಲ್ಲಿಂದ ಬರಬೇಕು? ನಿನ್ನೆ ಬೆಳಗಾವಿಯ ನೇಕಾರರ ಬಡಾವಣೆ ವಡಗಾವಿಯಲ್ಲಿ ಕಾಕುವಿನ (ಚಿಕ್ಕಮ್ಮನ) ಖರ್ಚಿನ ವಹಿ ನೋಡಿದ ಮೇಲೆ ಗಂಟು ಬಿಚ್ಚಿತು. ಆಕೆ ಓಣಿಯ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ.

ಮೂರು ಕಿಸೆ

ಶಾಲೆಗೆ ಹಣ ಮೂರು ಕಿಸೆಗಳಿಂದ ಬರುತ್ತದೆ ಎಂದು ಇಟ್ಟುಕೊಳ್ಳಿ. ಮೊದಲನೆಯದು ಶಿಕ್ಷಕರ ಸಂಬಳ, ಎಲ್ಲಕ್ಕಿಂತ ದೊಡ್ಡದು. ಎರಡನೆಯದು ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ಮೂರನೆಯದು ಶಾಸಕರ ನಿಧಿ, ಹಳೆ ವಿದ್ಯಾರ್ಥಿಗಳು, ಕಂಪನಿ, ದಾನಿಗಳು. ಮೂರನೆಯದಕ್ಕೆ ಸೂತ್ರವಿಲ್ಲ, ಪರಿಚಯವೇ ಸೂತ್ರ. ಹಳೆ ವಿದ್ಯಾರ್ಥಿ ಇಂಜಿನಿಯರ್ ಆದ ಶಾಲೆಗೆ ಪ್ರೊಜೆಕ್ಟರ್ ಬರುತ್ತದೆ, ಮಗ್ಗಕ್ಕೆ ಹೋದ ಶಾಲೆಗೆ ಬರುವುದಿಲ್ಲ. ಇದು ಎಲ್ಲರಿಗೂ ಹೊಳೆಯುವ ಮಾತು. ನಾನು ಎಡವಿದ್ದು ಎರಡನೆಯ ಕಿಸೆಯಲ್ಲಿ.

ಅನುದಾನದ ಮೆಟ್ಟಿಲು

ಮಕ್ಕಳು 30ರ ತನಕ ಇದ್ದರೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100ರ ತನಕ 25,000, 250ರ ತನಕ 50,000, 1,000ದ ತನಕ 75,000, ಅದರ ಮೇಲೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. ನೆನಪಿಡಲು ನನ್ನ ಉಪಾಯ ಕಿರಾಣಿ ಅಂಗಡಿಯದು: ಲಕ್ಷವನ್ನು ಒಂದು ಕಿಲೋ ಅಂದುಕೊಳ್ಳಿ. ನೂರು ಗ್ರಾಂ, ಪಾವಕಿಲೋ, ಅರ್ಧ, ಪೌಣ, ಪೂರಾ. ಒಮ್ಮೆ ಹೇಳಿಕೊಂಡರೆ ಸಾಕು, ಸಾಯುವ ತನಕ ಮರೆಯುವುದಿಲ್ಲ.

ಈಗ ನನ್ನ ಗೊಂದಲ. 28 ಮಕ್ಕಳ ಶಾಲೆ ಒಂದು, 280 ಮಕ್ಕಳ ಶಾಲೆ ಇನ್ನೊಂದು. ತಲೆಗೆ ಭಾಗಿಸಿದರೆ ಸಣ್ಣ ಶಾಲೆಗೆ 10,000 ÷ 28, ಸುಮಾರು 357. ದೊಡ್ಡದಕ್ಕೆ 75,000 ÷ 280, ಸುಮಾರು 268. ಹಾಗಾದರೆ ಮಕ್ಕಳು ಖಾಲಿಯಾಗುತ್ತಿರುವ ಓಣಿಯ ಶಾಲೆಯೇ ಶ್ರೀಮಂತ! ಉತ್ತರಪತ್ರಿಕೆಯಲ್ಲಿ ಹಾಗೇ ಬರೆದೂ ಬಿಟ್ಟಿದ್ದೆ. ಕಾಕು ನನ್ನ ಹಾಳೆ ನೋಡಿ ಕೇಳಿದ್ದು ಒಂದೇ ಮಾತು: "ಹುಡುಗ್ರು ಕಮ್ಮಿ ಆದ್ರ ನೀರಿನ ಟಾಕಿ ಸಣ್ಣದಾಗತೈತೇನೋ?"

ಗುಟ್ಟು ಅಲ್ಲಿಯೇ ಇದೆ. ಆಕೆಯ ವಹಿಯಲ್ಲಿ ಕಸಬರಿಗೆ, ಫಿನಾಯಿಲ್, ನಲ್ಲಿಯ ವಾಷರ್, ಎರಡು ಬಲ್ಬು, ಬಾಗಿಲಿನ ಕೊಂಡಿ, ಸೋರುವ ಮೂಲೆಗೆ ಸಿಮೆಂಟು. ಇವುಗಳಲ್ಲಿ ಒಂದೂ ಮಕ್ಕಳನ್ನು ಎಣಿಸಿಕೊಂಡು ಬರುವುದಿಲ್ಲ. ಸೋರುವ ಛಾವಣಿಗೆ ಹಾಜರಿ ಪುಸ್ತಕ ಓದಲು ಬರುವುದಿಲ್ಲ. ಆದ್ದರಿಂದ ಭಾಗಿಸುವ ಮೊದಲು ಕಳೆಯಬೇಕು. ನಾನು ಬಿಟ್ಟಿದ್ದು ಈ ಕಳೆಯುವ ಹೆಜ್ಜೆಯನ್ನೇ.

ಲೆಕ್ಕಕ್ಕಾಗಿ ನಾನೇ ಅಂದಾಜು ಹಾಕಿದ ಅಂಕಿಗಳಿವು: ಕಟ್ಟಡ ನಿಲ್ಲಿಸಿಟ್ಟುಕೊಳ್ಳುವ ಖರ್ಚು ಸಣ್ಣ ಶಾಲೆಗೆ 18,000, ದೊಡ್ಡದಕ್ಕೆ 30,000. ದೊಡ್ಡದರಲ್ಲಿ ಉಳಿಯುವುದು 45,000, ಅಂದರೆ ಮಗುವಿಗೆ ಸುಮಾರು 160. ಸಣ್ಣದರಲ್ಲಿ? 10,000ದಲ್ಲಿ 18,000 ಕಳೆಯಿರಿ. 8,000 ಸಾಲ. ತಲೆಗೆ 357 ಎಂದು ಮೆರೆದಿದ್ದ ಶಾಲೆಯಲ್ಲಿ ಚಿತ್ರಪಟಕ್ಕೆ, ಚೆಂಡಿಗೆ ಒಂದು ಪೈಸೆ ಇಲ್ಲ. ಅಂಕಿ ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪಿತ್ತು.

ಇನ್ನೂ ಒಂದು ಕುಣಿಕೆ ಇದೆ. 104 ಮಕ್ಕಳಿದ್ದ ಶಾಲೆಯಿಂದ ಆರು ಮಕ್ಕಳು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಹೋದರು ಅನ್ನಿ. 98 ಆಯಿತು. ಮಕ್ಕಳು ಶೇ 6ರಷ್ಟೂ ಕಡಿಮೆಯಾಗಲಿಲ್ಲ, ಅನುದಾನ ಮಾತ್ರ 50,000ದಿಂದ 25,000ಕ್ಕೆ ಇಳಿಯಿತು. ಸುಣ್ಣಬಣ್ಣ ನಿಂತಿತು, ಅದನ್ನು ನೋಡಿ ಮತ್ತೆ ನಾಲ್ಕು ಮನೆಯವರು ಟಿಸಿ ಕೇಳಿದರು. ನಮ್ಮ ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮಗಳಿಗೆ ಬೇರೆ ಬೇರೆ ಶಾಲೆಗಳಿರುವುದರಿಂದ ಒಂದೇ ಓಣಿಯ ಮಕ್ಕಳು ಹಂಚಿಹೋಗುತ್ತಾರೆ, ಮೆಟ್ಟಿಲ ಅಂಚಿಗೆ ಬರುವುದು ಇನ್ನೂ ಸುಲಭ.

ಶಿಕ್ಷಕರ ಸರಾಸರಿ

ಇಲ್ಲಿಯೂ ಅದೇ ಮೋಸ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. 200 ದಾಟಿದರೆ ಮುಖ್ಯ ಶಿಕ್ಷಕರನ್ನು ಬಿಟ್ಟು ಒಬ್ಬರಿಗೆ 40 ಮೀರಬಾರದು. 28 ಮಕ್ಕಳಿಗೆ ಇಬ್ಬರು, 280ಕ್ಕೆ ಏಳು ಜನ. ಎರಡೂ ಸೇರಿಸಿದರೆ 308 ÷ 9, ಒಬ್ಬರಿಗೆ 34. ವರದಿಯಲ್ಲಿ ಚೆಂದ ಕಾಣುತ್ತದೆ, ಆದರೆ 34 ಮಕ್ಕಳ ಕೋಣೆ ಎರಡರಲ್ಲಿಯೂ ಇಲ್ಲ. ಸಣ್ಣ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು. ಒಬ್ಬರು ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಲಿಸುವ ಪದ್ಧತಿ) ಮೂರು ತರಗತಿ ಹಿಡಿದರೆ ಇನ್ನೊಬ್ಬರಿಗೆ ನಾಲ್ಕು, ಐದು, ಜೊತೆಗೆ ಬಿಸಿಯೂಟದ ಲೆಕ್ಕ. ಅವರಲ್ಲಿ ಒಬ್ಬರಿಗೆ ತರಬೇತಿ ಇದ್ದ ದಿನ ಏನಾಗುತ್ತದೆ ಎಂದು ನೀವೇ ಊಹಿಸಿ.

ಛಾವಣಿ ಸೋರಿದರೆ ಯಾರನ್ನು ಕೇಳಬೇಕು

ಒಂದೂವರೆ ಅಂಕ ಕೊಡಿಸುವ ವಿಷಯ, ಬೇಗ ಮುಗಿಸುತ್ತೇನೆ. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳ ಪಟ್ಟಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ಹೆಸರಿಟ್ಟು ಹೇಳುತ್ತದೆ. ನಗರಗಳ 12ನೇ ಅನುಸೂಚಿಯಲ್ಲಿ ಇರುವುದು "ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಉತ್ತೇಜನ" ಎಂಬ ತೇಲು ಮಾತು. ನಮ್ಮ ಪಾಲಿಕೆಗೆ 58 ವಾರ್ಡುಗಳಿವೆ, ಆದರೆ ಶಾಲೆಯ ಶಿಕ್ಷಕರು, ಅನುದಾನ ಎಲ್ಲ ಶಿಕ್ಷಣ ಇಲಾಖೆಯ ಅಧಿಕಾರಿಗಳಾದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಕಡೆಯಿಂದ. ಕಾರ್ಪೊರೇಟರ್ ಗಟಾರಕ್ಕೆ ಉತ್ತರ ಹೇಳಬೇಕು, ಶಾಲೆಗೆ ಹೇಳಬೇಕಿಲ್ಲ.

ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿಯನ್ನು (2002) ಈ ಉತ್ತರಕ್ಕೆ ತರುವವರು ಎಚ್ಚರ. 114 ಹಿಂದುಳಿದ ತಾಲೂಕುಗಳ ಪಟ್ಟಿ ಅದು, ಅಳತೆಯ ಘಟಕವೇ ತಾಲೂಕು. ಬೆಳಗಾವಿ ತಾಲೂಕಿಗೆ ಒಂದು ಅಂಕಿ ಬಂದರೆ ಅದರೊಳಗೆ ಉಳ್ಳವರ ಟಿಳಕವಾಡಿಯೂ ಕರಗುತ್ತದೆ, ನೇಕಾರರ ವಡಗಾವಿಯೂ ಕರಗುತ್ತದೆ.

ಇದನ್ನೆಲ್ಲ ಬರೆದು ಮುಗಿಸುವಾಗ ಕಾಕು ಚಪ್ಪಲಿ ಮೆಟ್ಟುತ್ತಿದ್ದಳು. ಈ ಸಲ ದಾಖಲಾತಿ 99ಕ್ಕೆ ನಿಂತಿದೆಯಂತೆ. ಮಗ್ಗದ ಸದ್ದು ನಿಂತ ಮೇಲೆ ಜನ ಮಾತಿಗೆ ಸಿಗುತ್ತಾರೆ ಎಂದು ರಾತ್ರಿ ಒಂಬತ್ತಕ್ಕೆ ಹೊರಟಿದ್ದಳು. "ಎರಡು ಹುಡುಗ್ರು ಸಿಕ್ರ ಸಾಕು," ಅಂದಳು. ನಾನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ: 101.